ಶ್ರೀರಂಗಪಟ್ಟಣದ ಆ ಹಳ್ಳ ಬರೀ ಹಳ್ಳ ಅಲ್ಲ, ಕೋಟೆ ಕಂದಕ: ಪಕ್ಕದಲ್ಲಿ ಕಟ್ಟೋ ಮುಂಚೆ ಈ ನಿಯಮ ಗೊತ್ತಿರಲಿ

ಶ್ರೀರಂಗಪಟ್ಟಣ: ಬೆಸಗರಹಳ್ಳಿ, ಮದ್ದೂರು ಕಡೆಯವರು ಮೈಸೂರಿಗೆ ರೈಲಲ್ಲಿ ಹೋಗುವಾಗ ಶ್ರೀರಂಗಪಟ್ಟಣ ಕೋಟೆಯೊಳಗೇ ಹಾದು ಹೋಗುತ್ತಾರೆ. ಆ ಕೋಟೆ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಗಿಡಗಂಟಿ ಬೆಳೆದ ಹಳ್ಳ ಇದೆ. ಅದು ಚರಂಡಿಯೂ ಅಲ್ಲ, ಕಸದ ಗುಂಡಿಯೂ ಅಲ್ಲ. ಕೋಟೆಯ ಕಂದಕ.

ಕಂದಕ ಯಾಕೆ ಬೇಕಿತ್ತು?

ಕೋಟೆ ಇರೋದು ಕಾವೇರಿ ದ್ವೀಪದ ಪಶ್ಚಿಮ ತುದಿಯಲ್ಲಿ. ಉತ್ತರ, ದಕ್ಷಿಣಕ್ಕೆ ನದಿಯೇ ಕಾವಲು. ನದಿ ಅಡ್ಡ ಇಲ್ಲದ ಪೂರ್ವಕ್ಕೆ ಗೋಡೆ, ಕಂದಕವೇ ಆಸರೆ. ಕಂದಕ ಇದ್ದರೆ ಶತ್ರುಗಳು ಗೋಡೆಗೆ ಏಣಿ ಹಾಕೋದು ಕಷ್ಟ, ಕೆಳಗಿಂದ ಸುರಂಗ ಕೊರೆಯೋದು ಇನ್ನೂ ಕಷ್ಟ.

ವಿಜಯನಗರದ ಕಾಲದಲ್ಲಿ, 1454ರಲ್ಲಿ ತಿಮ್ಮಣ್ಣ ಇಲ್ಲಿ ಕೋಟೆ ಕಟ್ಟಿಸಿದ. 1610ರಲ್ಲಿ ಅದು ರಾಜ ಒಡೆಯರ ಕೈಸೇರಿತು. ಹೈದರಾಲಿ, ಟಿಪ್ಪು ಕಾಲದಲ್ಲಿ ಇನ್ನಷ್ಟು ಭದ್ರವಾಯಿತು. 1799ರ ಮೇ 4ರಂದು ಬ್ರಿಟಿಷರ ಸೇನೆ ಗೋಡೆ ಒಡೆದು ನುಗ್ಗಿತು. ಹೊರಗೋಡೆ ಹತ್ತಿದ ಮೇಲೂ ಒಳಗೆ ಇನ್ನೊಂದು ಕಂದಕ ಅವರಿಗೆ ಎದುರಾಗಿತ್ತು.

ಮದ್ದೂರಲ್ಲೂ ಕೋಟೆ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್ ಅದನ್ನು ಕೆಡವಿಸಿದ.

ಸರಿಸೋಕೆ ಆಗಲ್ಲ

ರೈಲು ಜೋಡಿ ಹಳಿಗಾಗಿ 2017ರಲ್ಲಿ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಟ್ಟರು. ಕಂದಕವನ್ನು ಹಾಗೆ ಎತ್ತಿಡೋಕೆ ಬರಲ್ಲ. ಒಂದೊಂದೇ ಟ್ರ್ಯಾಕ್ಟರ್ ಮಣ್ಣು ಸುರಿದು ಮುಚ್ಚಿದರೆ ಗುರುತೇ ಇರಲ್ಲ. ಮುಚ್ಚಿದ ಜಾಗದಲ್ಲಿ ಪಾಯ ಹಾಕಿದವರಿಗೂ ನಷ್ಟವೇ. ತುಂಬಿದ ಮಣ್ಣು ಕುಸಿದರೆ ಗೋಡೆ ಬಿರುಕು ಬಿಡುತ್ತೆ.

ಅಂಗಡಿ, ಮನೆ ಕಟ್ಟೋರಿಗೆ ನಿಯಮ ಏನು?

* ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ.
* ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು.
* ಹಳೇ ಮನೆ, ಅಂಗಡಿ ರಿಪೇರಿಗೂ ಅನುಮತಿ ಬೇಕು.
* ತಪ್ಪಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ.

1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದಾಗಿನಿಂದ ಈ ನಿಯಮ ಇನ್ನಷ್ಟು ಬಿಗಿಯಾಗಿದೆ. ಅಳತೆ ಹಿಡಿಯೋದು ಕಣ್ಣಿಗೆ ಕಾಣೋ ಗೋಡೆಯಿಂದಲ್ಲ, ದಾಖಲೆಯಲ್ಲಿರೋ ಗಡಿಯಿಂದ. ಹಾಗಾಗಿ ಕೋಟೆ ಆಸುಪಾಸಲ್ಲಿ ಸೈಟು ಕೊಳ್ಳೋರು ಮುಂಗಡ ಕೊಡೋ ಮುಂಚೆಯೇ ಸರ್ವೆ ನಂಬರ್ ಹಿಡಿದು ಇಲಾಖೆಯಲ್ಲಿ ವಿಚಾರಿಸೋದು ಒಳ್ಳೇದು. ದುಡ್ಡು ಕೊಟ್ಟಾದ ಮೇಲೆ ಕೇಳಿದರೆ ಸೈಟು ಇರುತ್ತೆ, ಕಟ್ಟೋ ಹಕ್ಕು ಇರಲ್ಲ.