ರಿಸೀವರ್ ಚಿತ್ರವನ್ನು ಹುಟ್ಟಿಸುವುದಿಲ್ಲ

ಆಷಾಢದ ಮಳೆ ಹಿಡಿಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕೊಟ್ಟಿಗೆಹಾರ, ಬಣಕಲ್, ಕಳಸ, ಸಂಸೆ, ಎಲ್ಲ ಕಡೆಯಿಂದಲೂ ಒಂದೇ ದೂರು: ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ದೂರು ನ್ಯಾಯವಾದದ್ದೇ. ನನಗೆ ಸಹಿಸಲಾಗದ್ದು ಅದರ ಬೆನ್ನಿಗೇ ಬರುವ ಮಾತು: "ಒಂದು ಒಳ್ಳೆ ಹೋಮ್ ಥಿಯೇಟರ್ ರಿಸೀವರ್ ಹಾಕ್ಸಿದ್ರೆ ಸರಿಯಾಗ್ತದಂತಲ್ಲ?"

ಆಗುವುದಿಲ್ಲ. ಕಳಸದ ಹತ್ತಿರದ ತೋಟದ ಮನೆಯೊಂದರಲ್ಲಿ ಇದನ್ನೇ ನಂಬಿ 80 ಸಾವಿರ ರೂಪಾಯಿ ಸುರಿದಿದ್ದರು. ಪೆಟ್ಟಿಗೆಯ ಮೇಲೆ 'ಫೋರ್‌ಕೆ ಅಪ್‌ಸ್ಕೇಲಿಂಗ್' ಎಂದಿತ್ತು. ಒಡೆದ ಚಿತ್ರವನ್ನೂ ಇದು ಕೂಡಿಸಿ ಕೊಡುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ನಾನು ಹೋದಾಗ ಕ್ರಿಕೆಟ್ ನಡೆದಿತ್ತು. ಬೌಲರ್ ಓಡಿ ಬರುತ್ತಿದ್ದಂತೆ ಅವನ ಅರ್ಧ ಮೈ ಅಲ್ಲೇ ಹೆಪ್ಪುಗಟ್ಟಿತು, ಚೆಂಡು ಯಾವ ಕಡೆ ಹೋಯಿತೆಂದೇ ಗೊತ್ತಾಗಲಿಲ್ಲ. "ನೋಡಿ ಮಾರಾಯ್ರೆ, ಇಷ್ಟು ದುಡ್ಡು ಹಾಕಿಯೂ ಹೀಗೆ" ಅಂದರು ಯಜಮಾನರು.

ಸೆಟ್‌ಟಾಪ್ ಬಾಕ್ಸ್‌ನಿಂದ ರಿಸೀವರ್‌ಗೆ ಹೋಗಿದ್ದ ಎಚ್‌ಡಿಎಂಐ ಕೇಬಲ್ ಕಿತ್ತು ನೇರ ಟಿವಿಗೆ ಚುಚ್ಚಿದೆ. ಅವೇ ಚೌಕಗಳು. ಬಾಕ್ಸ್‌ನ ಮೆನು ತೆಗೆದರೆ ಸಿಗ್ನಲ್ ಕ್ವಾಲಿಟಿಯ ಪಟ್ಟಿ ಬಿದ್ದು ಏಳುತ್ತಿತ್ತು. ಕೊಡೆ ಹಿಡಿದು ಹೊರಗೆ ಹೋದೆವು. ಡಿಶ್‌ನ ಮುಂದೆಯೇ ಸಿಲ್ವರ್ ಮರದ ಕೊಂಬೆಯೊಂದು ನೀರು ತುಂಬಿಕೊಂಡು ಜೋತುಬಿದ್ದಿತ್ತು. ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕೇಬಲ್ ಸೇರುವ ಕನೆಕ್ಟರ್ ತಿರುಗಿಸಿ ಬಿಚ್ಚಿದರೆ ಒಳಗಿಂದ ಎರಡು ಹನಿ ನೀರು ಅಂಗೈ ಮೇಲೆ ಬಿತ್ತು. ನಡುವಿನ ತಾಮ್ರದ ತಂತಿ ಹಸಿರುಗಟ್ಟಿತ್ತು. ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪು ಸುತ್ತಿ, ಕೊಂಬೆ ಕಡಿಸಿದ ಮೇಲೆ ಅದೇ ಮಳೆಯಲ್ಲಿ ಚಿತ್ರ ನಿಂತಿತು.

ಡಿಟಿಎಚ್ ಸಿಗ್ನಲ್ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುತ್ತದೆ. ಅದರ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಯ ಮಳೆ ಆ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಒದ್ದೆ ಎಲೆಯೂ ಅಷ್ಟೇ. ನಮ್ಮ ಮಳೆಗೆ 60 ಸೆಂ.ಮೀ. ಡಿಶ್ ಸಾಲದಿದ್ದರೆ 90 ಸೆಂ.ಮೀ.ನದ್ದು ಹಾಕಿಸಿ, ನಿಜಕ್ಕೂ ಉಪಯೋಗವಾಗುತ್ತದೆ. ಆದರೆ ಮಾಹಿತಿ ಕಳೆದುಹೋದದ್ದು ಬಾಕ್ಸ್ ತಲುಪುವ ಮೊದಲೇ. ಬಾಕ್ಸ್ ಆದಮೇಲೆ ಕೂತ ಯಂತ್ರ ಅದನ್ನು ಎಲ್ಲಿಂದ ತಂದೀತು?

ಹಾಗಾದರೆ ರಿಸೀವರ್ ಒಳಗೆ ಚಿತ್ರ ಹೋಗುವುದಾದರೂ ಯಾಕೆ? ಶಬ್ದಕ್ಕಾಗಿ. ಎಚ್‌ಡಿಎಂಐನಲ್ಲಿ ಶಬ್ದಕ್ಕೆ ಬೇರೆ ತಂತಿಯಿಲ್ಲ. 1080 ಗೆರೆಗಳ ಚಿತ್ರ ಕಳಿಸಲು ಕೇಬಲ್‌ನಲ್ಲಿ 1125 ಗೆರೆಗಳಷ್ಟು ಜಾಗ ಇರುತ್ತದೆ. ಮಿಕ್ಕ 45 ಗೆರೆಗಳಲ್ಲಿ, ಜೊತೆಗೆ ಪ್ರತಿ ಗೆರೆಯ ಪಕ್ಕದ ಖಾಲಿ ಜಾಗದಲ್ಲಿ, ಶಬ್ದದ ಪೊಟ್ಟಣಗಳು ಕೂತು ಬರುತ್ತವೆ. ರಿಸೀವರ್ ಅವನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುತ್ತದೆ, ಚಿತ್ರವನ್ನು ಬಂದ ಹಾಗೆಯೇ ಟಿವಿಗೆ ದಾಟಿಸುತ್ತದೆ. ನಾಲ್ಕಾರು ಯಂತ್ರಗಳಲ್ಲಿ ಬೇಕಾದ್ದನ್ನು ಆರಿಸುತ್ತದೆ, ವಾಲ್ಯೂಮ್ ಅಂಕಿಯನ್ನು ಚಿತ್ರದ ಮೇಲೆ ತೋರಿಸುತ್ತದೆ. ಕೆಲವು ಮಾಡೆಲ್‌ಗಳು ಹಳೇ ಹಳದಿ ಪಿನ್ನಿನ ಸಿಗ್ನಲ್ಲನ್ನು ಎಚ್‌ಡಿಎಂಐಗೆ ಬದಲಿಸಿಯೂ ಕೊಡುತ್ತವೆ. ಇಷ್ಟೂ ಒಳ್ಳೆಯ ಕೆಲಸವೇ. ಆ ಮನೆಯಲ್ಲಿ ಸಿನಿಮಾ ಹಾಕಿದಾಗ ಮಳೆಯ ಸದ್ದು ಬೆನ್ನ ಹಿಂದಿಂದ ಕೇಳಿದ ರೀತಿಗೆ ನಾನೂ ತಿರುಗಿ ನೋಡಿದೆ.

ಅಪ್‌ಸ್ಕೇಲಿಂಗ್‌ನ ಲೆಕ್ಕ ಕೇಳಿ. ಸಾಧಾರಣ ಚಾನೆಲ್‌ನ ಚಿತ್ರ 720×576, ಅಂದರೆ 4,14,720 ಚುಕ್ಕಿ. ಫೋರ್‌ಕೆ ಪರದೆಯಲ್ಲಿ 82,94,400. ಸರಿಯಾಗಿ 20 ಪಟ್ಟು. 20 ಚುಕ್ಕಿಗಳಲ್ಲಿ 1ರಷ್ಟು ಸ್ಟುಡಿಯೋದಿಂದ ಬಂದದ್ದು, 19ರಷ್ಟು ಅಕ್ಕಪಕ್ಕ ನೋಡಿ ಮಾಡಿದ ಅಂದಾಜು. ಅಂದಾಜಿನಿಂದ ಅಂಚು ನುಣುಪಾದೀತು, ಸ್ಟುಡಿಯೋದಿಂದ ಬಾರದ ಕಣ್ರೆಪ್ಪೆ ಕಾಣದು. ಈ ಕೆಲಸವನ್ನು ಫೋರ್‌ಕೆ ಟಿವಿ ತಾನೇ ಮಾಡುತ್ತದೆ, ಬಹಳ ಸಲ ರಿಸೀವರ್‌ಗಿಂತ ಚೆನ್ನಾಗಿ.

ನಡುವೆ ಕೂತ ರಿಸೀವರ್ ಚಿತ್ರವನ್ನು ಕೆಡಿಸಬಲ್ಲದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸೆಕೆಂಡಿಗೆ 60 ಚೌಕಟ್ಟಿನ ಫೋರ್‌ಕೆಗೆ ದಾರಿ ಮಾಡಿದ್ದು 2013ರ ಎಚ್‌ಡಿಎಂಐ 2.0. ಅದಕ್ಕೂ ಹಳೆಯ ರಿಸೀವರ್ ಮೂಲಕ ಹೊಸ ಪ್ಲೇಯರ್ ಜೋಡಿಸಿದರೆ ಚಿತ್ರ 1080ಕ್ಕೆ ಇಳಿಯಬಹುದು, ಕಪ್ಪು ಪರದೆಯೂ ಬರಬಹುದು. ಪ್ಲೇಯರನ್ನು ಟಿವಿಗೇ ಕೊಟ್ಟು, ಶಬ್ದವನ್ನು ಟಿವಿಯ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಕಿಂಡಿಯಿಂದ ರಿಸೀವರ್‌ಗೆ ತನ್ನಿ.

ಚಿನ್ನದ ಲೇಪದ ಕೇಬಲ್‌ನಿಂದ ಬಣ್ಣ ಗಾಢವಾಗುತ್ತದೆ ಎಂಬುದೂ ಸುಳ್ಳು. ಉದ್ದದ ಹಾಲ್‌ಗಳಲ್ಲಿ 15 ಮೀಟರ್ ತಾಮ್ರದ ಕೇಬಲ್ ಎಳೆದು ಫೋರ್‌ಕೆ ಬರುತ್ತಿಲ್ಲವೆಂದರೆ ಆಪ್ಟಿಕಲ್ ಎಚ್‌ಡಿಎಂಐ ಹಾಕಿಸಿ.

ನನಗೆ ಬೇಸರವಾಗುವುದು ಯಾರು ನಂಬುತ್ತಾರೆ ಎಂಬುದಕ್ಕೆ. ಕಾಫಿಯ ಔಟ್‌ಟರ್ನ್, ಅಂದರೆ ಒಣಕಾಯಿಯಿಂದ ಸಿಗುವ ಬೀಜದ ಲೆಕ್ಕ, ಒಂದು ಅಂಕ ಕಡಿಮೆ ಹೇಳಿದರೆ ವ್ಯಾಪಾರಿಯ ಮುಂದೆ ಇನ್ನೊಮ್ಮೆ ತೂಗಿಸುವವರು ನಮ್ಮ ಈ ಬೆಳೆಗಾರರು. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಕಾಳು ಕಚ್ಚಿ ನೋಡುವವರು. ಹಸಿಕಾಯಿ ಕೊಯ್ದು ತಂದರೆ ಯಾವ ಪಲ್ಪರ್‌ನಿಂದಲೂ ಹಣ್ಣಿನ ಕಾಫಿ ಬರದೆಂದು ಇವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅಕ್ಷರ ಹೊಳೆದರೆ, ಒಂದು ಕೇಬಲ್ ಕಿತ್ತು ಇನ್ನೊಂದು ಕಡೆ ಚುಚ್ಚಿ ನೋಡುವ ಎರಡು ನಿಮಿಷದ ಪರೀಕ್ಷೆಯನ್ನೂ ಮಾಡುವುದಿಲ್ಲ.

ಎಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ಸಿಡಿಲು ಬಡಿದರೆ ಪೆಟ್ಟು ರಿಸೀವರ್ ತಿಂದು ಟಿವಿ ಉಳಿಯುತ್ತದಂತೆ. ಕಾಫಿ ಹೂವರಳಿಸುವ ಹೂಮಳೆಯ ಕಾಲದ ಸಿಡಿಲು ಡಿಶ್ ಕೇಬಲ್ ಹಿಡಿದು ಬಾಕ್ಸ್‌ಗೆ ಬಂದರೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೂ ಟಿವಿಗೂ ದಾಟುತ್ತದೆ. ಕರೆಂಟಿನ ಪ್ಲಗ್ ತೆಗೆದು ಡಿಶ್ ಕೇಬಲ್ ಹಾಗೇ ಬಿಟ್ಟ ಮನೆಗಳಲ್ಲಿ ಮೂರೂ ಒಟ್ಟಿಗೆ ಸತ್ತದ್ದನ್ನು ಕಂಡಿದ್ದೇನೆ. ಮೋಡ ಕಟ್ಟುವಾಗಲೇ, ಗುಡುಗು ಕೇಳುವ ಮೊದಲೇ, ಬಾಕ್ಸ್ ಹಿಂದಿನ ಆ ಡಿಶ್ ಕೇಬಲ್ಲನ್ನೂ ತಿರುಗಿಸಿ ಬಿಚ್ಚಿಡಿ.