ಸಿಇಟಿ, ನೀಟ್ ಅಂಕಕ್ಕೆ ನಿದ್ದೆಯೂ ಒಂದು ಪಾಠ

ದ್ವಿತೀಯ ಪಿಯು ಓದುವ ಮಕ್ಕಳಿರುವ ಮನೆಗಳಲ್ಲಿ ಫೆಬ್ರವರಿ, ಮಾರ್ಚ್ ಬಂದರೆ ಒಂದು ಮಾತು ಕೇಳಿಬರುತ್ತದೆ: "ನಮ್ಮ ಮಗಳು ರಾತ್ರಿ ಎರಡು ಗಂಟೆಯವರೆಗೂ ಓದ್ತಾಳೆ." ಹೇಳುವ ತಾಯಿಗೆ ಹೆಮ್ಮೆ, ಕೇಳಿದವರಿಗೆ ತಮ್ಮ ಮಗನೂ ಹಾಗೇ ಓದಬಾರದೇ ಎಂಬ ಆಸೆ. ಆದರೆ ಎರಡು ಗಂಟೆಗೆ ಮಲಗಿ ಆರಕ್ಕೆ ಎದ್ದ ಹುಡುಗಿ ಪರೀಕ್ಷೆಯ ಕೋಣೆಯಲ್ಲಿ ಕೂತಾಗ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಓದು ಕಡಿಮೆಯಾಗಿ ಅಂಕ ಹೋಗುವುದುಂಟು. ಓದಿದ್ದೂ ಕೈಕೊಟ್ಟು ಅಂಕ ಹೋಗುವುದೂ ಉಂಟು. ಎರಡನೆಯದನ್ನು ಮನೆಯವರೇ ತಡೆಯಬಹುದು.

ಅಂಕ ಎಲ್ಲಿ ಸೋರುತ್ತದೆ?

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಪ್ರತಿಯೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಓದಿ, ಯೋಚಿಸಿ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದಕ್ಕೂ ಸೇರಿ ಒಂದೇ ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಗೊತ್ತಿದ್ದ ಪ್ರಶ್ನೆಯನ್ನು ಅಜಾಗರೂಕತೆಯಿಂದ ತಪ್ಪಿದರೆ ಕೈಬಿಡುವುದು ಐದು ಅಂಕ. "ಇವುಗಳಲ್ಲಿ ಯಾವುದು ಸರಿಯಲ್ಲ?" ಎಂಬಲ್ಲಿ ಆ "ಅಲ್ಲ" ಕಣ್ಣಿಗೆ ಬೀಳದಿರುವುದು, 43ರ ಉತ್ತರವನ್ನು 44ರ ಸಾಲಿನಲ್ಲಿ ತುಂಬುವುದು, ಇವೆಲ್ಲ ದಣಿದ ಮಿದುಳಿನ ತಪ್ಪುಗಳು.

ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿ ಇಟ್ಟುಕೊಳ್ಳುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ನಿದ್ದೆ ಕತ್ತರಿಸಿ ಓದುವುದೆಂದರೆ ತೂತಾದ ಕೊಡಕ್ಕೆ ನೀರು ಸೇದಿದಂತೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ.

ರಮಝಾನ್ ಮುಗಿದ ಮೇಲೆ

ನಮ್ಮ ಮನೆಗಳಿಗೆ ಇಲ್ಲೊಂದು ವಿಶೇಷ ಸಂಗತಿ ಇದೆ. 2025ರಲ್ಲಿ ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯು ಪರೀಕ್ಷೆ ನಡೆಯಿತು. ಅದೇ ತಿಂಗಳು ಪೂರ್ತಿ ಉಪವಾಸ. ಮಾರ್ಚ್ 31ಕ್ಕೆ ಈದ್. ಏಪ್ರಿಲ್ 16 ಮತ್ತು 17ಕ್ಕೆ ಸಿಇಟಿ, ಮೇ 4ಕ್ಕೆ ನೀಟ್. ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಇನ್ನೂ ಕೆಲವು ವರ್ಷ ಅದು ಓದಿನ ಕಾಲದಲ್ಲೇ ಬರುತ್ತದೆ.

ತರಾವೀಹ್ ಮುಗಿಸಿ ಮಲಗುವಷ್ಟರಲ್ಲಿ ತಡವಾಗಿರುತ್ತದೆ, ಸಹರಿಗೆ ಮತ್ತೆ ಏಳಬೇಕು. ಆ ತಿಂಗಳಲ್ಲಿ ನಿದ್ದೆ ಎರಡು ತುಂಡಾಗುವುದು ಸಹಜ. ತೊಂದರೆ ಇರುವುದು ಈದ್ ಆದ ಮೇಲೂ ಅದೇ ರೂಢಿ ಮುಂದುವರಿಯುವುದರಲ್ಲಿ: ರಾತ್ರಿ ಎಚ್ಚರ, ಮಧ್ಯಾಹ್ನ ಎರಡರಿಂದ ಐದರವರೆಗೆ ಗಾಢ ನಿದ್ದೆ. ನೀಟ್ ಪರೀಕ್ಷೆಯ ಸಮಯವೂ ಮಧ್ಯಾಹ್ನ 2ರಿಂದ 5! ಸಿಇಟಿ ಬೆಳಿಗ್ಗೆ 10.30ಕ್ಕೆ ಒಂದು ವಿಷಯ, 2.30ಕ್ಕೆ ಇನ್ನೊಂದು.

ದೇಹದೊಳಗೆ ಒಂದು ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರ ಒಂದೇ ರಾತ್ರಿಯಲ್ಲಿ ಬದಲಾಗುವುದಿಲ್ಲ, ಎರಡು ವಾರದಲ್ಲಿ ಧಾರಾಳವಾಗಿ ಬದಲಾಗುತ್ತದೆ. ಈದ್‌ನ ಮರುದಿನದಿಂದಲೇ ಹೀಗೆ ಮಾಡಿ:

• ಮಲಗುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ. ರಾತ್ರಿ 9.30ಕ್ಕೆ ಮಲಗಿ ಫಜ್ರ್‌ಗೆ ಏಳುವುದು ಗುರಿ.
• ಫಜ್ರ್ ಆದ ಮೇಲೆ ಮತ್ತೆ ಹೊದ್ದು ಮಲಗಬಾರದು. ಅಂಗಳದಲ್ಲೋ ಮಾಳಿಗೆಯ ಮೇಲೋ ಬೆಳಗಿನ ಬೆಳಕಿನಲ್ಲಿ ಕೂತು ಓದಲಿ. ದೇಹದ ಗಡಿಯಾರವನ್ನು ತಿದ್ದುವುದು ಈ ಬೆಳಕೇ.
• ಹಗಲು ನಿದ್ದೆ ಬೇಕೆನಿಸಿದರೆ 12.30ರಿಂದ 1ರೊಳಗೆ ಅರ್ಧ ಗಂಟೆ ಸಾಕು.
• ಮಲಗುವುದಕ್ಕೆ ಒಂದು ಗಂಟೆ ಮೊದಲು ಮೊಬೈಲ್ ಅಮ್ಮಿಯ ಕೈಗೆ ಬರಲಿ. ಆ ಒಂದು ಗಂಟೆ ಅಮ್ಮಿ, ಅಬ್ಬಾ ಕೂಡ ಮೊಬೈಲ್ ಬದಿಗಿಡಲಿ.
• ಸಂಜೆ ನಾಲ್ಕರ ನಂತರ ಚಹಾ, ಕಾಫಿ ಬೇಡ. ಕುಡಿದ ಕೆಫೀನ್‌ನ ಅರ್ಧದಷ್ಟು ಐದು ಗಂಟೆಯ ಮೇಲೂ ಮೈಯಲ್ಲಿ ಉಳಿದಿರುತ್ತದೆ.

ಪರೀಕ್ಷೆಯ ಹೊತ್ತಿಗೇ ಅಭ್ಯಾಸ

ಹಳೆಯ ಪ್ರಶ್ನೆಪತ್ರಿಕೆಗಳನ್ನು ರಾತ್ರಿ ಬಿಡಿಸುವ ಬದಲು ಪರೀಕ್ಷೆ ನಡೆಯುವ ಹೊತ್ತಿಗೇ ಬಿಡಿಸಲಿ: ಸಿಇಟಿಯದು 10.30ಕ್ಕೆ, ನೀಟ್‌ನದು 2ಕ್ಕೆ. ಗಡಿಯಾರ ಎದುರಿಗಿರಲಿ, ನಡುವೆ ಏಳಬಾರದು. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ತನ್ನನ್ನೇ ಪ್ರಶ್ನಿಸಿಕೊಂಡರೆ ಹೆಚ್ಚು ಕಾಲ ನೆನಪಿರುತ್ತದೆ. ತಪ್ಪಾದ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕಾರಣವನ್ನೂ ಬರೆಯಲಿ: ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಸಮಯ ಸಾಲಲಿಲ್ಲವೋ. ಹತ್ತು ದಿನಕ್ಕೆ ಅಂಕ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ನೀಟ್‌ನಲ್ಲಿ ಕುರುಡು ಊಹೆ ನಷ್ಟ.

ತಟ್ಟೆಯಲ್ಲಿ ಏನಿದೆ?

ಕೂತಲ್ಲೇ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ. ಇದನ್ನು ಸೋಮಾರಿತನ ಎಂದು ಬಯ್ಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಬೇಕು. ಮಾಂಸ, ಸೊಪ್ಪು, ಕಾಳು ತಟ್ಟೆಯಲ್ಲಿರಲಿ, ಮೇಲೊಂದಿಷ್ಟು ನಿಂಬೆರಸ ಹಿಂಡಿ. ಊಟದ ಜೊತೆ ಚಹಾ ಬೇಡ. ಅದು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಓದುವಾಗ ಬಾಯಾಡಿಸಲು ಬಿಸ್ಕತ್ತಿಗಿಂತ ನಮ್ಮ ಜಿಲ್ಲೆಯ ಹುರಿದ ಶೇಂಗಾ ಎಷ್ಟೋ ಮೇಲು.

ಹೆಣ್ಣುಮಕ್ಕಳ ವಿಷಯ

ಪರೀಕ್ಷಾ ಕೇಂದ್ರದ ಶೌಚಾಲಯ ಹೇಗಿರುತ್ತದೋ ಎಂಬ ಅಂಜಿಕೆಯಿಂದ ಅನೇಕ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಇದರಿಂದ ತಲೆನೋವು ಬರುತ್ತದೆ, ಗಮನ ಕುಂದುತ್ತದೆ, ಉರಿಮೂತ್ರವೂ ಕಾಡಬಹುದು. ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಲಿ, ಒಳಗೆ ಹೋಗುವ ಮೊದಲು ಶೌಚಾಲಯಕ್ಕೆ ಹೋಗಿಬರಲಿ. ಮುಟ್ಟಿನ ದಿನ ಪರೀಕ್ಷೆಯ ಹತ್ತಿರ ಬೀಳುವಂತಿದ್ದರೆ ಪ್ಯಾಡ್ ಸಿದ್ಧವಿರಲಿ. ಮುಟ್ಟು ಮುಂದೂಡುವ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ, ವೈದ್ಯರನ್ನು ಕೇಳಿ. ಇನ್ನೊಂದು ಮಾತು: ಸಹರಿಗೆ, ಇಫ್ತಾರ್‌ಗೆ ಅಡಿಗೆಮನೆಯ ಕೆಲಸ ಮಗಳ ಪಾಲಿಗೆ, ಓದು ಮಗನ ಪಾಲಿಗೆ ಎಂದಾಗಬಾರದು. ಇಬ್ಬರ ಪ್ರಶ್ನೆಪತ್ರಿಕೆಯೂ ಒಂದೇ.

ಪರೀಕ್ಷೆಯ ದಿನ

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್, ಹಿರಿಯೂರಿನಿಂದ 40, ಹೊಳಲ್ಕೆರೆಯಿಂದ ಮೂವತ್ತರ ಮೇಲೆ. ಕೇಂದ್ರ ಚಿತ್ರದುರ್ಗದಲ್ಲಿ ಸಿಕ್ಕಿದ್ದರೆ ಕೊನೆಯ ಬಸ್ಸನ್ನು ನಂಬಬೇಡಿ. ನೆಂಟರ ಮನೆಯಿದ್ದರೆ ಹಿಂದಿನ ಸಂಜೆಯೇ ಬಂದು ಉಳಿಯಬಹುದು, ಆದರೆ ಆ ರಾತ್ರಿ ದಾವತ್ತು, ಹರಟೆ ಬೇಡ. ನೀಟ್‌ಗೆ 1.30ರ ನಂತರ ಗೇಟು ತೆರೆಯುವುದಿಲ್ಲ. ಬುರ್ಖಾ, ಹಿಜಾಬ್ ಧರಿಸುವವರು ತಪಾಸಣೆಗೆ ಸಮಯ ಬೇಕಾಗುವುದರಿಂದ ಬೇಗ ತಲುಪಬೇಕು. ಪ್ರವೇಶಪತ್ರದಲ್ಲಿರುವ ನಿಯಮಗಳನ್ನು ಒಂದು ವಾರ ಮೊದಲೇ ಓದಿಕೊಳ್ಳಿ. ಸಿಇಟಿಯ ಎರಡು ಪತ್ರಿಕೆಗಳ ನಡುವೆ 11.50ರಿಂದ 2.30ರವರೆಗೆ ಬಿಡುವಿದೆ. ಬಿರಿಯಾನಿಯನ್ನು ಆ ಸಂಜೆಗೆ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೆ ಮೊಸರನ್ನವೋ ಚಪಾತಿಯೋ ಸಾಕು. ಮುಗಿದ ಪತ್ರಿಕೆಯ ಉತ್ತರ ತಾಳೆ ನೋಡುವುದು ಬೇಡ, ಝುಹರ್ ಮುಗಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಲಿ.

ಕೊನೆಯದಾಗಿ, "ಫೀಸು ಕಟ್ಟಿದ್ದೇವೆ, ಮಾನ ಉಳಿಸು" ಎಂಬ ಮಾತು ಮಕ್ಕಳ ನಿದ್ದೆ ಕೆಡಿಸುವುದರಲ್ಲಿ ಚಹಾಕ್ಕಿಂತ ಬಲವಾದದ್ದು. ಮಗು ಊಟ ಬಿಟ್ಟರೆ, ಯಾರೊಡನೆಯೂ ಮಾತಾಡದಿದ್ದರೆ, ಬದುಕೇ ಬೇಡ ಎಂಬಂಥ ಮಾತಾಡಿದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ. ಇವತ್ತು ರಾತ್ರಿ ಮಗಳ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಇನ್ನೊಂದು ಲೋಟ ಚಹಾ ಕೊಂಡೊಯ್ಯಬೇಡಿ. "ಸಾಕಮ್ಮಾ, ಮಲಗು" ಎಂದು ಹೇಳಿ ದೀಪ ಆರಿಸಿ ಬನ್ನಿ.