ಎರಡನೇ ರಿಮೋಟಿನ ಕಾಲ

"ಔಟಾದೆ ಕಣ್ಲಾ, ಕೊಡ್ಲಾ ರಿಮೋಟು!" ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳು ಸೀಮೆಯಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ವಿಡಿಯೋ ಗೇಮ್ ಎಂದ ಕೂಡಲೇ ನೆನಪಾಗುವುದು ಪರದೆಯ ಚಿತ್ರವಲ್ಲ, ಈ ಜಗಳ. ಟಿವಿ ಇದ್ದ ಮನೆಗಳೇ ಕಡಿಮೆ. ಅದಕ್ಕೆ ಸಿಕ್ಕಿಸುವ ಗೇಮ್ ಸೆಟ್ ಇದ್ದ ಮನೆ ಊರಿಗೆ ಒಂದೋ ಎರಡೋ. ಮೈಸೂರಿನಲ್ಲಿ ಕೆಲಸಕ್ಕಿದ್ದ ಸೋದರಮಾವನೋ, ಬೇಸಿಗೆ ರಜೆಗೆ ಬಂದ ಬೆಂಗಳೂರಿನ ನೆಂಟರ ಹುಡುಗನೋ ಅದನ್ನು ತಂದಿರುತ್ತಿದ್ದ. ರೈಲಿನಲ್ಲೋ ಕೆ.ಆರ್. ಪೇಟೆಯ ಬಸ್ಸಿನಲ್ಲೋ ಬಂದಿಳಿದ ಆ ಪೆಟ್ಟಿಗೆಯ ಸುದ್ದಿ ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಗುತ್ತಿತ್ತು. ಆಡುವವರು ಇಬ್ಬರು, ನೋಡುವವರು ನಡುಮನೆ ತುಂಬ.

ಅದಕ್ಕೂ ಮೊದಲು ನಮ್ಮ ಕ್ರೀಡೆಗಳು ಪುಸ್ತಕದಲ್ಲಿದ್ದವು. ಪಾಠಪುಸ್ತಕವನ್ನು ಫಟ್ಟನೆ ತೆರೆದು, ಪುಟದ ಸಂಖ್ಯೆಯ ಕೊನೆಯ ಅಂಕಿಯನ್ನು ರನ್ನಾಗಿ ಎಣಿಸಿ, ಸೊನ್ನೆ ಬಂದರೆ ಔಟ್ ಎನ್ನುವ ಬುಕ್ ಕ್ರಿಕೆಟ್ಟಿಗೆ ಕರೆಂಟ್ ಬೇಕಿರಲಿಲ್ಲ. ಹೇಮಗಿರಿಯ ದನಗಳ ಜಾತ್ರೆಗೋ ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆಗೋ ಹೋದರೆ ಅಂಗಡಿ ಸಾಲಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು. ಗುಂಡಿ ಒತ್ತಿದರೆ ನೀರು ಚಿಮ್ಮಿ, ಪುಟ್ಟ ಚೆಂಡುಗಳು ತೇಲಿಕೊಂಡು ಹೋಗಿ ಬಾಸ್ಕೆಟ್‌ಬಾಲ್ ಬಲೆಯಲ್ಲಿ ಕೂರಬೇಕು. ಆ ಜಾತಿಯ ನೀರಿನಾಟವನ್ನು ಜಪಾನಿನ ಟೋಮಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿತು. ಅದರ ಅಗ್ಗದ ನಕಲುಗಳು ನಮ್ಮ ಜಾತ್ರೆಗಳ ತನಕ ಬಂದವು. ಬಾಸ್ಕೆಟ್‌ಬಾಲ್ ಎಂಬ ಆಟ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮೊದಲು ಪರಿಚಯವಾದದ್ದೇ ಅಂಗೈಯಗಲದ ಆ ನೀರಿನಲ್ಲಿ.

ಟಿವಿಗೆ ಸಿಕ್ಕಿಸುವ ಸೆಟ್ ಕೂಡ ನಕಲೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಬಿಡುಗಡೆ ಮಾಡಿತ್ತು. ಅದರ ಚಿಪ್‌ಗಳನ್ನು ತದ್ರೂಪು ಮಾಡಿದ ಅಗ್ಗದ ಸೆಟ್ಟುಗಳು ಬೇರೆ ಬೇರೆ ಹೆಸರು ಹೊತ್ತು ನಮ್ಮ ಪಟ್ಟಣಗಳ ಅಂಗಡಿಗಳಿಗೆ ಬಂದವು. ಹಳದಿ ಅಥವಾ ಕಪ್ಪು ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಬರೆದಿದ್ದರೂ ಒಳಗಿದ್ದದ್ದು ಕೆಲವೇ ಆಟಗಳು, ಅವೇ ಮತ್ತೆ ಮತ್ತೆ. ಆದರೂ ಆ ಕೆಲವು ಎಂಥವು! ಮೂಲ ಯಂತ್ರಕ್ಕಿದ್ದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ನೀವು ಓದುತ್ತಿರುವ ಈ ಲೇಖನವನ್ನು ಕಂಪ್ಯೂಟರಿನಲ್ಲಿಟ್ಟರೆ ಅದಕ್ಕಿಂತ ಹಲವು ಪಟ್ಟು ಜಾಗ ಬೇಕು. ಅಷ್ಟರಲ್ಲೇ ಓಟ, ಟೆನಿಸ್, ಗಾಲ್ಫ್, ಬೈಕ್ ರೇಸು ಎಲ್ಲವನ್ನೂ ನಡೆಸುತ್ತಿದ್ದರು. 18 ಕುಳಿಗಳ ಇಡೀ ಗಾಲ್ಫ್ ಮೈದಾನವನ್ನು 1984ರ ಕ್ಯಾಸೆಟ್ಟಿನೊಳಗೆ ತುಂಬಿದವರು ಸತೋರು ಇವಾಟ ಎಂಬ ತರುಣ. ಮುಂದೆ 2002ರಲ್ಲಿ ಅವರೇ ನಿಂಟೆಂಡೊ ಕಂಪನಿಯ ಅಧ್ಯಕ್ಷರಾದರು.

ನನ್ನ ಮಟ್ಟಿಗೆ ಆ ಕಾಲದ ಶ್ರೇಷ್ಠ ಆಟ ಎಕ್ಸೈಟ್‌ಬೈಕ್. 1984ರದ್ದು. ಎರಡು ವೇಗ: ಒಂದು ಸಾದಾ, ಇನ್ನೊಂದು ಟರ್ಬೊ. ಟರ್ಬೊ ಒತ್ತಿ ಹಿಡಿದರೆ ಎಂಜಿನ್ ಕಾದು ಬೈಕು ನಿಂತುಬಿಡುತ್ತದೆ. ದಿಬ್ಬ ಹಾರಿದ ಮೇಲೆ ಮುಂಚಕ್ರ ಎಷ್ಟು ಎತ್ತಬೇಕು, ಇಳಿಯುವಾಗ ಎಷ್ಟು ಬಗ್ಗಿಸಬೇಕು ಎಂಬುದನ್ನು ಬೆರಳು ತಾನಾಗಿ ಕಲಿಯಬೇಕು. ವೇಗವೊಂದೇ ಸಾಲದು, ತಾಳ್ಮೆಯೂ ಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಆಟವನ್ನು ನಾನು ಬೇರೆ ಕಂಡಿಲ್ಲ. ಅದರಲ್ಲಿ ನಮ್ಮದೇ ಟ್ರ್ಯಾಕ್ ಕಟ್ಟುವ 'ಡಿಸೈನ್' ಎಂಬ ವಿಭಾಗವೂ ಇತ್ತು. ಹುಡುಗರು ದಿಬ್ಬದ ಮೇಲೆ ದಿಬ್ಬ ಜೋಡಿಸಿ ಅಸಾಧ್ಯವಾದ ದಾರಿ ಕಟ್ಟಿ, 'ಸೇವ್' ಒತ್ತಿ ಕಾಯುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಟ್ರ್ಯಾಕ್ ಉಳಿಸಿಕೊಳ್ಳಲು ಬೇಕಾದ ಟೇಪ್ ರೆಕಾರ್ಡರ್ ಉಪಕರಣ ಜಪಾನಿನಲ್ಲಿ ಮಾತ್ರ ಮಾರಾಟಕ್ಕಿತ್ತು. ಕರೆಂಟ್ ಹೋದರೆ ಟ್ರ್ಯಾಕೂ ಹೋಯಿತು, ಸ್ಕೋರೂ ಹೋಯಿತು. ಲೋಡ್ ಶೆಡ್ಡಿಂಗ್ ಕಾಲದ ಮಂಡ್ಯ ಜಿಲ್ಲೆಯಲ್ಲಿ ಅದೆಷ್ಟು ದಾಖಲೆಗಳು ಹೀಗೆ ಕತ್ತಲೆಗೆ ಸೇರಿದವೋ. ಆದರೆ ಯಾರು ಎಷ್ಟು ಹೊಡೆದರು ಎಂಬುದು ಅಳಿಯುತ್ತಿರಲಿಲ್ಲ, ನೋಡುತ್ತಾ ಕೂತವರ ನೆನಪಿನಲ್ಲಿ ಇರುತ್ತಿತ್ತು. "ನಾನ್ ನೋಡಿವ್ನಿ, ಅವ್ನೇ ಫಸ್ಟ್ ಬಂದಿದ್ದು" ಎಂದು ಸಾಕ್ಷಿ ಹೇಳುವವನು ಸಿಕ್ಕೇ ಸಿಗುತ್ತಿದ್ದ.

ಎಕ್ಸೈಟ್‌ಬೈಕ್ ಒಬ್ಬರೇ ಆಡುವ ಆಟ. ಅದನ್ನು ಹತ್ತು ಜನರ ಆಟ ಮಾಡಿದ್ದು ನಡುಮನೆಯ ಕಾನೂನು: ಒಂದು ರೇಸಿಗೆ ಒಬ್ಬ, ಬಿದ್ದರೆ ಮುಂದಿನವನಿಗೆ. ಸೆಟ್ಟಿನ ಒಡೆಯನಿಗೆ ಒಂದು ಚಾನ್ಸ್ ಹೆಚ್ಚು. ಈ ಕಾನೂನು ಮನೆಯಿಂದ ಮನೆಗೆ, ಊರಿಂದ ಊರಿಗೆ ಬದಲಾಗುತ್ತಿತ್ತು.

ಟೆನಿಸ್ ಬೇರೆಯೇ ರೀತಿಯದು. ನಿಂಟೆಂಡೊದ ಆ ಟೆನಿಸ್‌ನಲ್ಲಿ ಅಂಪೈರ್ ಕುರ್ಚಿಯಲ್ಲಿ ಕೂತಿರುವವನು ಆ ಕಂಪನಿಯ ಹೆಸರಾಂತ ಪಾತ್ರ ಮಾರಿಯೊ. ಇಬ್ಬರು ಆಡಿದರೆ ಪರಸ್ಪರ ಎದುರಾಳಿಗಳಾಗುವುದಿಲ್ಲ, ಜೊತೆಗಾರರಾಗಿ ಯಂತ್ರದ ವಿರುದ್ಧ ಡಬಲ್ಸ್ ಆಡಬೇಕು. ಬೆಳಿಗ್ಗೆ ಗೋಲಿಗಾಗಿ ಕಿತ್ತಾಡಿದ್ದವರು ಸಂಜೆ ಒಂದೇ ಕಡೆ ನಿಂತು ಗೆಲ್ಲಬೇಕಾಗುತ್ತಿತ್ತು. ಕೊನಾಮಿ ಕಂಪನಿಯ ಹೈಪರ್ ಒಲಿಂಪಿಕ್‌ನಲ್ಲಿ 100 ಮೀಟರ್ ಓಟ, ಉದ್ದ ಜಿಗಿತ, ಈಟಿ ಎಸೆತ. ಗುಂಡಿಯನ್ನು ಎಷ್ಟು ಬೇಗ ಒತ್ತುತ್ತೀರೋ ಅಷ್ಟು ವೇಗ. ಹೆಬ್ಬೆರಳು ಸೋತವರು ಉಗುರಿನಿಂದ ಉಜ್ಜಿದರು, ಜಾಣರು ಶಾಲೆಯ ಸ್ಕೇಲು ತಂದರು. ಹಾಗೆ ಉಜ್ಜಿ ಎಷ್ಟೋ ರಿಮೋಟಿನ ರಬ್ಬರ್ ಸವೆಯಿತು. ಬೇಸ್‌ಬಾಲ್ ಆಟವೂ ಇತ್ತು, ಅದರ ನಿಯಮ ಯಾರಿಗೂ ತಿಳಿದಿರಲಿಲ್ಲ. ಚೆಂಡು ಗೋಡೆ ದಾಟಿದರೆ ಸಿಕ್ಸರ್ ಎಂದು ಕೂಗಿ ಮುಂದುವರಿದರು. ಕ್ರಿಕೆಟ್ ಆ ಕ್ಯಾಸೆಟ್ಟುಗಳಲ್ಲಿ ಇರಲೇ ಇಲ್ಲ. ಆಟ ಮಾಡಿದ ಜಪಾನಿಗೆ ಕ್ರಿಕೆಟ್ ಬೇಕಿರಲಿಲ್ಲ. 1992ರಲ್ಲಿ ಮೆಲ್ಬರ್ನಿನ ಬೀಮ್ ಸಾಫ್ಟ್‌ವೇರ್ ಈ ಯಂತ್ರಕ್ಕೊಂದು ಕ್ರಿಕೆಟ್ ಆಟ ಮಾಡಿತಾದರೂ ಅದು ಮಾರಾಟವಾದದ್ದು ಆಸ್ಟ್ರೇಲಿಯಾದಲ್ಲಿ.

ಇಷ್ಟು ದೂರದಿಂದ ನೋಡುವಾಗ ನನಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕ್ರೀಡೆಯ ವಿಡಿಯೋ ಗೇಮಿಗೆ ಜೀವ ತುಂಬುವುದು ಎರಡನೇ ರಿಮೋಟು. ಇದು ಹಳೆಯದರ ಮೇಲಿನ ಮೋಹದಿಂದ ಹೇಳುವ ಮಾತಲ್ಲ, ಈ ಆಟಗಳ ಹುಟ್ಟಿನಲ್ಲೇ ಅದು ಇದೆ. 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಬಂದ ಸಂದರ್ಶಕರಿಗಾಗಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮೂಡಿಸಿದರು. ಅದರ ಹೆಸರಿನಲ್ಲೇ 'ಇಬ್ಬರಿಗೆ' ಎಂದಿದೆ. 1972ರಲ್ಲಿ ಅಟಾರಿ ಕಂಪನಿ ತಂದ ಪಾಂಗ್‌ನಲ್ಲಿ ಎರಡು ತಿರುಗುಗುಂಡಿ, ಒಬ್ಬರೇ ಆಡುವ ಅವಕಾಶವೇ ಇಲ್ಲ. ನಾವು ಟಿವಿಯತ್ತ ಆಟಿಕೆ ಬಂದೂಕು ಹಿಡಿದು ಆಡಿದ ಡಕ್ ಹಂಟ್‌ನಲ್ಲೂ ರಿಮೋಟ್ ಹಿಡಿದ ಇನ್ನೊಬ್ಬ ಬಾತುಕೋಳಿಯನ್ನು ಬೇಕಾದ ಕಡೆ ಹಾರಿಸಬಹುದಿತ್ತು. ಇದು ಆಗ ಗೊತ್ತಿದ್ದವರು ತೀರ ಕಡಿಮೆ.

ಮುಂದೆ ಕಂಪ್ಯೂಟರ್ ಬಂತು, ಕ್ರಿಕೆಟ್ಟೂ ಬಂತು. ಕೆನಡಾದ ಸಮುದ್ರತೀರದ ಲುನೆನ್‌ಬರ್ಗ್ ಎಂಬ ಸಣ್ಣ ಊರಿನ ಎಚ್‌ಬಿ ಸ್ಟುಡಿಯೋಸ್ ತಯಾರಿಸಿ, ಇಎ ಸ್ಪೋರ್ಟ್ಸ್ 2006ರ ನವೆಂಬರಿನಲ್ಲಿ ಹೊರತಂದ 'ಕ್ರಿಕೆಟ್ 07' ನಮ್ಮ ಹುಡುಗರನ್ನು ಹಿಡಿದ ಹಾಗೆ ಇನ್ಯಾವುದೂ ಹಿಡಿದಿಲ್ಲ. ಕಾಮೆಂಟರಿ ರಿಚಿ ಬೆನೊ, ಮಾರ್ಕ್ ನಿಕೋಲಸ್ ಅವರದು. ಭಾರತ ತಂಡದ ಹಕ್ಕು ಪಡೆಯದ ಕಾರಣ ನಮ್ಮ ಆಟಗಾರರ ಹೆಸರುಗಳು ತಿರುಚಿಕೊಂಡಿದ್ದವು, ಹುಡುಗರು ಅವನ್ನೆಲ್ಲ ತಿದ್ದಿಕೊಂಡೇ ಆಟಕ್ಕೆ ಇಳಿಯುತ್ತಿದ್ದರು. ಒಂದೇ ಕೀಬೋರ್ಡಿನ ಆ ಅರ್ಧ ಒಬ್ಬನಿಗೆ, ಈ ಅರ್ಧ ಇನ್ನೊಬ್ಬನಿಗೆ. ಕೆಲವೇ ತಿಂಗಳಲ್ಲಿ, 2007ರ ಮಾರ್ಚಿನಲ್ಲಿ, ರಾಹುಲ್ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳಿಗೆ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಆ ತಂಡದಲ್ಲಿ ಕುಂಬ್ಳೆ ಇದ್ದರು, ಕೊಡಗಿನ ರಾಬಿನ್ ಉತ್ತಪ್ಪ ಇದ್ದರು. ನಮಗೆ ಅದು ಮನೆಯವರ ಸೋಲು. ಆ ನೋವನ್ನು ಕಂಪ್ಯೂಟರಿನ ಮುಂದೆ ಕೂತು, ದ್ರಾವಿಡ್ ಕೈಗೆ ಕಪ್ ಕೊಡಿಸಿ ಕಳೆದುಕೊಂಡವರು ಎಷ್ಟೋ ಜನ. ಇದನ್ನು ಹುಡುಗಾಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೋತ ನಾಯಕನ ಮೇಲಿನ ಪ್ರೀತಿ ಅದು.

ಇಎ ಅದರ ನಂತರ ದೊಡ್ಡ ಕ್ರಿಕೆಟ್ ಆಟ ತರಲಿಲ್ಲ. ಅಭಿಮಾನಿಗಳೇ ಐಪಿಎಲ್ ಜೆರ್ಸಿ, ಹೊಸ ತಂಡ, ಹೊಸ ಮೈದಾನಗಳನ್ನು ಸೇರಿಸುತ್ತಾ ಆ ಹಳೆಯ ಆಟವನ್ನು ವರ್ಷಗಟ್ಟಲೆ ಬದುಕಿಸಿದರು. ಆರ್‌ಸಿಬಿ ನಿಜವಾಗಿ ಕಪ್ ಎತ್ತಿದ್ದು 2025ರ ಜೂನ್ 3ರಂದು. ಕಂಪ್ಯೂಟರಿನಲ್ಲಿ ಅಷ್ಟರೊಳಗೆ ಎಷ್ಟು ಸಲ ಎತ್ತಿತ್ತೋ ಲೆಕ್ಕವಿಲ್ಲ.

ಈಗ ಎಲ್ಲವೂ ಮೊಬೈಲಿನಲ್ಲಿ. ಚೆನ್ನೈನ ನೆಕ್ಸ್ಟ್‌ವೇವ್ ಕಂಪನಿಯ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್ ಸರಣಿ ಅಚ್ಚುಕಟ್ಟಾದದ್ದು, ನಮ್ಮ ನೆಲದ್ದು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಡುವಷ್ಟು ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಗೆ ಸೇರಿತು. ಕೌಶಲ, ಕಲೆ ಯಾವುದಕ್ಕೂ ಈಗ ಕೊರತೆಯಿಲ್ಲ. ಆದರೆ ಬಸ್ ಸ್ಟಾಪಿನಲ್ಲಿ ಸಾಲಾಗಿ ಕೂತ ಹುಡುಗರು ಒಂದೇ ಆಟವನ್ನು ಬೇರೆ ಬೇರೆ ಫೋನಿನಲ್ಲಿ, ಯಂತ್ರದ ವಿರುದ್ಧ ಆಡುತ್ತಿರುತ್ತಾರೆ. ಒಬ್ಬನ ಸಿಕ್ಸರ್ ಪಕ್ಕದವನಿಗೆ ಗೊತ್ತಾಗುವುದಿಲ್ಲ.

ಈಗ ಹಳ್ಳಿಯ ಹಿರಿಯರು 'ಗೇಮ್' ಎಂದರೆ ಹೆದರುತ್ತಾರೆ. ಅದಕ್ಕೆ ಕಾರಣ ಈ ಆಟಗಳಲ್ಲ. ಹಣ ಕಟ್ಟಿಸಿಕೊಳ್ಳುವ ಆನ್‌ಲೈನ್ ಆಟಗಳು ಅದೇ ಫೋನಿಗೆ, ಅದೇ ಹೆಸರಿನಲ್ಲಿ ಬಂದವು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಈ ಗೆರೆ ಬಹಳ ಹಿಂದೆಯೇ ಎಳೆಯಬೇಕಿತ್ತು.

ಇತ್ತ ಹಳೆಯ ಆಟಗಳು ವೇಗವಾಗಿ ಕಾಣೆಯಾಗುತ್ತಿವೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ದಾಖಲೆಯಿಡುವವರಿರುವ ದೇಶದ ಕಥೆ ಅದು. ನಮ್ಮ ನಕಲು ಸೆಟ್ಟುಗಳ ಲೆಕ್ಕವನ್ನು ಇಟ್ಟವರು ಯಾರು?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಹಳೆಯ ಸೆಟ್, ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿಗೆ ಆಗ ಮಾಡುತ್ತಿದ್ದಂತೆ ಬಾಯಿಂದ ಊದಬೇಡಿ, ಉಸಿರಿನ ತೇವದಿಂದ ಲೋಹದ ಪಟ್ಟಿ ತುಕ್ಕು ಹಿಡಿಯುತ್ತದೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಒಣಗಲು ಬಿಡಿ. ಪಿಕ್ಚರ್ ಟ್ಯೂಬಿನ ಟಿವಿ ಇದ್ದರೆ ಅದನ್ನೂ ಉಳಿಸಿಕೊಳ್ಳಿ, ಆ ಕಾಲದ ಬಂದೂಕಿನ ಆಟ ಹೊಸ ಚಪ್ಪಟೆ ಟಿವಿಗಳಲ್ಲಿ ನಡೆಯುವುದಿಲ್ಲ. ಮುಖ್ಯವಾಗಿ, ನಿಮ್ಮೂರಿನಲ್ಲಿ ಯಾರ ಮನೆಯಲ್ಲಿ, ಯಾವ ಆಟ, ಯಾವ ಕಾನೂನಿನ ಪ್ರಕಾರ ಆಡಿದಿರೆಂದು ಒಂದು ಪುಟವಾದರೂ ಬರೆದಿಡಿ. ಆಟವನ್ನು ಜಪಾನಿನವರು ಉಳಿಸಿಕೊಂಡಾರು, ಅಕ್ಕಿಹೆಬ್ಬಾಳಿನ ಕಾನೂನನ್ನು ನಾವೇ ಬರೆದಿಡಬೇಕು.